ಕಂಪನಿ ಪುಣೆಗೆ ಹೋಗು ಅಂದಾಗ ನಾನು ಮಾಡಿದ ಲೆಕ್ಕ

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಒಬ್ಬರೇ ಹೋಗಿ ಇದ್ದು ನೋಡಬೇಕು. ಅದೂ ಮಳೆಗಾಲದಲ್ಲಿ. ಆಮೇಲೆ ಕಂಪನಿಯ ಜೊತೆ ದುಡ್ಡಿನ ಮಾತು. ನಾನು ಹೀಗೇ ಮಾಡಿದೆ, ಇದು ಕೆಲಸ ಮಾಡಿತು. ಶುರುವಿನಲ್ಲಿ ಹೇಳಿದಾಗ ಆಫೀಸಿನಲ್ಲಿ ಒಬ್ಬರೂ ನಂಬಲಿಲ್ಲ. "ಕಂಪನಿ ನಿಮಗೋಸ್ಕರ ಅಷ್ಟು ತಿಂಗಳು ಕಾಯುತ್ತಾ?" ಅಂತ ಕೇಳಿದರು. ಮುಲುಂಡಿನಲ್ಲಿರುವ ಭಾವನವರಂತೂ "ಹೋಗುವುದಾದರೆ ಎಲ್ಲರೂ ಒಟ್ಟಿಗೆ ಹೋಗಿ, ಇಲ್ಲದಿದ್ದರೆ ಬೇರೆ ಕೆಲಸ ಹುಡುಕಿ, ನಡುವೆ ನೇತಾಡಬೇಡಿ" ಅಂದರು.

2023ರ ಮೇ ತಿಂಗಳಲ್ಲಿ ಪತ್ರ ಬಂತು. ಮುಂಬೈಯ ಅಂಧೇರಿಯಲ್ಲಿದ್ದ ನಮ್ಮ ಬ್ಯಾಕ್ ಆಫೀಸ್ ಮುಚ್ಚಿ ಪುಣೆಯ ಹಿಂಜವಡಿಗೆ ಸೇರಿಸುತ್ತಾರೆ, ಎರಡು ತಿಂಗಳೊಳಗೆ ಅಲ್ಲಿ ಹಾಜರಾಗಬೇಕು. ಅಂಧೇರಿ ಆಫೀಸಿನಲ್ಲಿ ನಾನು ಹದಿನಾಲ್ಕು ವರ್ಷದಿಂದ ಇದ್ದೆ. ಡೊಂಬಿವಲಿಯಲ್ಲಿ ಸ್ವಂತ ಒನ್ ಬಿಎಚ್‌ಕೆ, ಸಾಲ ತೀರಿತ್ತು. ಹೆಂಡತಿ ಠಾಣೆಯ ಒಂದು ಲ್ಯಾಬಿನಲ್ಲಿ ಟೆಕ್ನಿಶಿಯನ್. ಮಗಳು ಎಂಟನೇ ಕ್ಲಾಸಿಗೆ ಕಾಲಿಡುತ್ತಿದ್ದಳು. ನೇಮಕಾತಿ ಪತ್ರದಲ್ಲಿ ಭಾರತದ ಯಾವ ಆಫೀಸಿಗಾದರೂ ಕಳಿಸಬಹುದು ಅನ್ನುವ ಸಾಲು ಇತ್ತು. ನಿಮ್ಮದರಲ್ಲೂ ಇರಬಹುದು, ತೆಗೆದು ನೋಡಿ. ಹಾಗಾಗಿ ಕಾನೂನು ಹಿಡಿದು ಜಗಳ ಆಡುವ ದಾರಿ ನನಗಿರಲಿಲ್ಲ.

ಮೊದಲು ಮಾಡಿದ್ದು, ಕೆಲಸ ಬಿಟ್ಟರೆ ಕೈಗೆ ಎಷ್ಟು ಬರುತ್ತದೆ ಅನ್ನುವ ಲೆಕ್ಕ. ಹೋಗದಿದ್ದರೆ ಗ್ರಾಚುಟಿ, ಅಂದರೆ ಕೆಲಸ ಬಿಡುವಾಗ ಸರ್ವೀಸಿಗೆ ತಕ್ಕಂತೆ ಕಂಪನಿ ಕೊಡುವ ದುಡ್ಡು, ಮುಳುಗಿತು ಅಂತ ಕ್ಯಾಂಟೀನಿನಲ್ಲಿ ಸುದ್ದಿ ಹಬ್ಬಿತ್ತು. ಅದು ಸುಳ್ಳು. ಐದು ವರ್ಷ ತುಂಬಿದ ಮೇಲೆ ನಾವೇ ರಾಜೀನಾಮೆ ಕೊಟ್ಟರೂ ಗ್ರಾಚುಟಿ ಕೊಡಲೇಬೇಕು. ಆಗ ಕೊನೆಯ ತಿಂಗಳ ಬೇಸಿಕ್ಕನ್ನು (ಮೂಲ ಸಂಬಳ, ಡಿಎ ಇದ್ದರೆ ಅದೂ ಸೇರಿ) 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ಸರ್ವೀಸಿನ ವರ್ಷಗಳಿಂದ ಗುಣಿಸಿದರೆ ಆಗುತ್ತಿತ್ತು. ನನ್ನದು ಸುಮಾರು 3 ಲಕ್ಷ ಬಂತು. ಉಳಿದ ರಜೆಯ ದುಡ್ಡೂ ಸೇರಿದರೆ ಆರು ತಿಂಗಳ ಮನೆ ಖರ್ಚು. ಇದು ಗೊತ್ತಾದ ಮೇಲೆ ಎಚ್‌ಆರ್ ಎದುರು ಕೂತಾಗ ಹೆದರಿಕೆ ಇರಲಿಲ್ಲ. ಈ ಅಂಕಿ ಕೈಯಲ್ಲಿ ಇಲ್ಲದೆ ಮೀಟಿಂಗಿಗೆ ಹೋಗಲೇಬೇಡಿ.

ಜೊತೆಯವರು ಬೇರೆ ಬೇರೆ ರೀತಿ ಮಾಡಿದರು. ಒಬ್ಬರು ಲಾಭ ನಷ್ಟ ಅಂತ ಎರಡು ಪಟ್ಟಿ ಬರೆದರು. ಎರಡೂ ಕಡೆ ಸಮ ಬಂತು, ಅಲ್ಲಿಗೇ ನಿಂತರು. ಇನ್ನೊಬ್ಬರು ಮೊಬೈಲಿನಲ್ಲಿ ಎರಡು ಊರಿನ ಖರ್ಚು ಹೋಲಿಸುವ ಲೆಕ್ಕ ಹಾಕಿದರು. ಪುಣೆ ಅಗ್ಗ ಅಂತ ತೋರಿಸಿತು. ಅದರಲ್ಲಿ ಹೆಂಡತಿಯ ಸಂಬಳ ಎಲ್ಲಿದೆ? ಲೋಕಲ್ ಪಾಸಿನ ಬದಲು ಬೀಳುವ ಪೆಟ್ರೋಲು ಎಲ್ಲಿದೆ? ನಮ್ಮದು ಸ್ವಂತ ಮನೆ, ಅಲ್ಲಿ ಬಾಡಿಗೆ ಕಟ್ಟಬೇಕು ಅನ್ನುವುದು ಎಲ್ಲಿದೆ? ಆ ಲೆಕ್ಕ ನಂಬಿದವರು ಮೊದಲ ವಾರವೇ ಸಹಿ ಹಾಕಿದರು.

ನಾನು ಎಚ್‌ಆರ್ ಹತ್ತಿರ ಬೇರೆ ಮಾತು ಆಡಿದೆ. ಗಡುವಿನೊಳಗೆ ಪುಣೆಗೆ ಹೋಗುತ್ತೇನೆ, ಆದರೆ ತಾತ್ಕಾಲಿಕವಾಗಿ. ನನ್ನ ಮೂಲ ಆಫೀಸ್ ಸೆಪ್ಟೆಂಬರ್ ಕೊನೆಯವರೆಗೆ ಮುಂಬೈ ಅಂತಲೇ ಇರಲಿ. ಕಾಯಂ ಒಪ್ಪಿಗೆ ಆಗ ಹೇಳುತ್ತೇನೆ. ಅಲ್ಲಿ ಹೊಸದಾಗಿ ಸೇರಿದ ಹುಡುಗರಿಗೆ ಕೆಲಸ ಕಲಿಸುವವರು ಅವರಿಗೆ ಬೇಕೇ ಬೇಕಿತ್ತು. ಅದಕ್ಕೇ ಒಪ್ಪಿದರು, ಪೀಜಿ ಬಾಡಿಗೆ ಅಂತ ತಿಂಗಳಿಗೆ 10 ಸಾವಿರವನ್ನೂ ಕೊಟ್ಟರು. ಇದಕ್ಕಾಗಿ ಎಚ್‌ಆರ್‌ಗೆ ಕಳಿಸಿದ ಮೇಲ್‌ನಲ್ಲಿ ನಾನು ಬರೆದ ಒಂದು ಸಾಲು ಇದೆ, ಅದರಿಂದಲೇ ಅವರು ಬಗ್ಗಿದ್ದು. ಆ ಸಾಲನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಬರೆದರೆ ನಾಳೆ ಯಾರಿಗೂ ಕೆಲಸಕ್ಕೆ ಬರುವುದಿಲ್ಲ.

ಹೆಂಡತಿ ಮಾತ್ರ ಮೊದಲಿಂದಲೂ ನನ್ನ ಪರ. "ನೀವು ಹೋಗಿ ಇದ್ದು ನೋಡಿ. ಇಲ್ಲಿಯದು ನಾನು ನೋಡಿಕೊಳ್ಳುತ್ತೇನೆ" ಅಂದಳು.

ಜೂನ್ ಕೊನೆಗೆ ಹಿಂಜವಡಿ ಪಕ್ಕದ ವಾಕಡಿನ ಒಂದು ಪೀಜಿಗೆ ಸೇರಿದೆ. ಮಳೆಗಾಲವೇ ಯಾಕೆ ಅಂದರೆ, ಡಿಸೆಂಬರಿನಲ್ಲಿ ಪುಣೆಗೆ ಹೋದರೆ ಯಾರಿಗಾದರೂ ಇಷ್ಟ ಆಗುತ್ತದೆ. ಬಿಸಿಲಲ್ಲಿ ಕೊಡೆ ಪರೀಕ್ಷೆ ಮಾಡಿದ ಹಾಗೆ ಅದು. ಒಂದು ನೋಟ್‌ಬುಕ್ ಇಟ್ಟೆ, ಮೂರು ಕಾಲಂ. ಒಂದು ದುಡ್ಡು, ಒಂದು ಗಂಟೆ. ಮೂರನೆಯದು ನನ್ನ ಮನೆಯ ವಿಷಯ, ನಿಮ್ಮ ಮನೆಗೆ ಏನು ಮುಖ್ಯವೋ ಅದನ್ನು ಅಲ್ಲಿ ಹಾಕಿಕೊಳ್ಳಿ.

ಮೊದಲು ಪರೀಕ್ಷೆ ಮಾಡಿದ್ದು, ಸಂಸಾರ ಡೊಂಬಿವಲಿಯಲ್ಲೇ ಇದ್ದು ನಾನು ವಾರಕ್ಕೊಮ್ಮೆ ಬಂದು ಹೋಗುವ ದಾರಿ. ತುಂಬಾ ಜನ ಇದನ್ನೇ ಸುಲಭ ಅಂದುಕೊಂಡಿರುತ್ತಾರೆ. ಮುಂಬೈ ಪುಣೆ ನಡುವೆ ರೈಲು ಬೇಕಾದಷ್ಟಿವೆ, ನಿಜ. ಆದರೆ 1930ರಲ್ಲಿ ಶುರುವಾದ ಹೆಸರುವಾಸಿ ಡೆಕ್ಕನ್ ಕ್ವೀನ್ ಬೆಳಗ್ಗೆ ಪುಣೆ ಬಿಟ್ಟು ಸಂಜೆ ಮುಂಬೈಯಿಂದ ವಾಪಸಾಗುವ ರೈಲು. ಪುಣೆಯಲ್ಲಿ ಮನೆ, ಮುಂಬೈಯಲ್ಲಿ ಕೆಲಸ ಇರುವವರಿಗೆ ಅದು ಸರಿ. ನಮ್ಮದು ಉಲ್ಟಾ ದಿಕ್ಕು. ಸೋಮವಾರ ಕತ್ತಲಲ್ಲೇ ಎದ್ದು ಕಲ್ಯಾಣಕ್ಕೆ ಹೋಗಿ ಇಂದ್ರಾಯಣಿ ಎಕ್ಸ್‌ಪ್ರೆಸ್ ಹಿಡಿಯುತ್ತಿದ್ದೆ. ಪುಣೆ ಸ್ಟೇಷನ್ನಿನಿಂದ ಹಿಂಜವಡಿ ಮುಟ್ಟುವಾಗ ಹತ್ತೂವರೆ, ಮಳೆ ಬಂದರೆ ಹನ್ನೊಂದು. ಶುಕ್ರವಾರ ಇನ್ನೂ ಕಷ್ಟ. ಸಂಜೆಯ ರೈಲಿಗೆ ಆಫೀಸಿನಿಂದ ನಾಲ್ಕೂವರೆಗೇ ಹೊರಡಬೇಕು, ಇಲ್ಲದಿದ್ದರೆ ಹಿಂಜವಡಿಯ ಟ್ರಾಫಿಕ್ ಬಿಡುವುದಿಲ್ಲ. ಜುಲೈನಲ್ಲಿ ಕರ್ಜತ್ ಲೋಣಾವಳ ಘಾಟಿಯಲ್ಲಿ ರೈಲು ನಿಂತರೆ ನಿಂತಿತು. ಶಿವನೇರಿ ಬಸ್ಸನ್ನೂ ನೋಡಿದೆ, ನಾಲ್ಕು ಜನ ಸೇರಿ ಕಾರನ್ನೂ ಮಾಡಿದೆವು. ಕಾರಿನಲ್ಲಿ ತಲೆಗೆ 600-700 ಬೀಳುತ್ತಿತ್ತು. ಒಬ್ಬರು ಬರದಿದ್ದರೆ ಉಳಿದವರಿಗೆ ಜಾಸ್ತಿ, ಅದರಲ್ಲೇ ಮನಸ್ತಾಪ. ಆಗಸ್ಟ್ ಹೊತ್ತಿಗೆ ಈ ದಾರಿಯನ್ನು ನೋಟ್‌ಬುಕ್ಕಿನಿಂದ ಪೂರ್ತಿ ಹೊಡೆದು ಹಾಕಿದೆ. ಪೀಜಿ, ಓಡಾಟ, ಹೊರಗಿನ ಊಟ ಸೇರಿ ತಿಂಗಳಿಗೆ 20 ಸಾವಿರ ದಾಟುತ್ತಿತ್ತು. ಶನಿವಾರ ಪೂರ್ತಿ ನಿದ್ದೆಗೆ ಹೋಗುತ್ತಿತ್ತು. ಮಗಳ ಜೊತೆ ಕೂರಲು ಭಾನುವಾರದ ಅರ್ಧ ದಿನ. ಈ ಬಾಳು ನನಗೆ ಬೇಡ ಅನಿಸಿತು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಪುಣೆಯದೇ ಕೊಥ್ರುಡ್‌ನಲ್ಲಿ ಧಾರವಾಡದ ಗೆಳೆಯ ಇದ್ದಾರೆ, ಅವರ ಮನೆಯಲ್ಲಿ ಒಂದು ವಾರ ಇದ್ದೆ. ಆ ಆಗಸ್ಟಿನಲ್ಲೇ ಅಲ್ಲಿನ ವನಾಜ್‌ನಿಂದ ರೂಬಿ ಹಾಲ್ ತನಕ ಮೆಟ್ರೋ ಶುರುವಾಗಿತ್ತು. ಎರಂಡವಣೆಯ ಕನ್ನಡ ಸಂಘ ಹತ್ತಿರ, ಸಂಜೆ ನಾಲ್ಕು ಕನ್ನಡ ಮಾತು ಕೇಳಬಹುದು. ಮನಸ್ಸು ಅಲ್ಲೇ ನಿಂತುಬಿಟ್ಟಿತ್ತು. ಆದರೆ ಹಿಂಜವಡಿ ಕಡೆಗೆ ಮೆಟ್ರೋ ಇರಲಿಲ್ಲ, ಬೈಕಿನಲ್ಲಿ ಹೋಗಿ ಬರಲು ಎರಡೂವರೆ ಗಂಟೆ. ಹಾಗಾದರೆ ಡೊಂಬಿವಲಿಯಿಂದ ಅಂಧೇರಿಗೆ ಹೋಗುತ್ತಿದ್ದುದಕ್ಕೂ ಇದಕ್ಕೂ ಏನು ದೊಡ್ಡ ವ್ಯತ್ಯಾಸ? ವಾಕಡಿಗೇ ವಾಪಸ್ ಬಂದೆ.

ಮನೆ ಹುಡುಕುವಾಗ ಬ್ರೋಕರನ್ನು ನಂಬಬೇಡಿ, ಸೊಸೈಟಿಯ ವಾಚ್‌ಮನ್ನನ್ನು ಕೇಳಿ. "ಮೇ ತಿಂಗಳಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತದೆ?" ಈ ಒಂದು ಪ್ರಶ್ನೆ ಸಾಕು. ಆ ಭಾಗದ ಎಷ್ಟೋ ಸೊಸೈಟಿಗಳು ಬೇಸಿಗೆಯಲ್ಲಿ ಟ್ಯಾಂಕರ್ ಮೇಲೆಯೇ ನಡೆಯುತ್ತವೆ, ಆ ದುಡ್ಡು ಮೇಂಟೆನೆನ್ಸಿಗೆ ಸೇರುತ್ತದೆ. ಬಚ್ಚಲಿನ ನಲ್ಲಿಯ ಸುತ್ತ ಬಿಳಿ ಕರೆ ಎಷ್ಟಿದೆ ಅಂತಲೂ ನೋಡಿ. ಗಡಸು ಬೋರ್‌ವೆಲ್ ನೀರಾದರೆ ಗೀಸರ್ ಬೇಗ ಹಾಳಾಗುತ್ತದೆ. ಮನೆ ನೋಡುವುದು ಭಾನುವಾರ ಬೇಡ. ಕೆಲಸದ ದಿನ ಬೆಳಗ್ಗೆ ಒಂಬತ್ತಕ್ಕೆ ಹೋಗಿ, ಭೂಮ್ಕರ್ ಚೌಕ ದಾಟಿಕೊಂಡು ಹೋಗಿ. ಅಗ್ರಿಮೆಂಟ್ ನೋಟರಿ ಸಾಕು ಅಂತ ಮನೆ ಮಾಲೀಕರು ಹೇಳುತ್ತಾರೆ. ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸೆನ್ಸ್ ಅಗ್ರಿಮೆಂಟ್ (ಅಲ್ಲಿನ ಮನೆ ಬಾಡಿಗೆ ಕರಾರು) ನೋಂದಣಿ ಕಡ್ಡಾಯ, ಅದರ ಜವಾಬ್ದಾರಿ ಮಾಲೀಕರದ್ದು. ನಾನು ಬಿಡಲಿಲ್ಲ. ಮುಂದೆ ಶಾಲೆಗೂ ಆಫೀಸಿಗೂ ಅದೇ ಕಾಗದ ಬೇಕಾಯಿತು.

ಇನ್ನು ಹೆಂಡತಿಯ ಕೆಲಸ. ಇಡೀ ಲೆಕ್ಕದಲ್ಲಿ ದೊಡ್ಡ ಅಂಕಿ ಇದೇ ಆಗಬಹುದಿತ್ತು. "ಅವಳಿಗೆ ಅಲ್ಲೂ ಕೆಲಸ ಸಿಗುತ್ತೆ ಬಿಡಿ" ಅಂತ ಎಲ್ಲರೂ ಸುಮ್ನೆ ಹೇಳುತ್ತಾರೆ. ಎಷ್ಟಕ್ಕೆ ಸಿಗುತ್ತದೆ ಅಂತ ಯಾರೂ ಹೇಳುವುದಿಲ್ಲ. ಕೆಲವು ಶನಿವಾರ ನಾನು ಊರಿಗೆ ಹೋಗುವ ಬದಲು ಅವಳೇ ಪುಣೆಗೆ ಬಂದಳು, ಮೂರು ನಾಲ್ಕು ಕಡೆ ಇಂಟರ್‌ವ್ಯೂ ಕೊಟ್ಟಳು. ಠಾಣೆಯಲ್ಲಿ 31 ಸಾವಿರ ಇತ್ತು. ಪುಣೆಯಲ್ಲಿ 22 ಅಂದರು. ತಿಂಗಳಿಗೆ 9 ಸಾವಿರ ಕಡಿಮೆ. ಅಂದಾಜಿನ ಜಾಗದಲ್ಲಿ ಈ ನಿಜವಾದ ಅಂಕಿ ಕೂತ ಮೇಲೆ ಲೆಕ್ಕಕ್ಕೆ ಬಲ ಬಂತು.

ಒಟ್ಟು ಹೀಗೆ ನಿಂತಿತು. ವಾಕಡಿನಲ್ಲಿ ಬಾಡಿಗೆ ಮೇಂಟೆನೆನ್ಸ್ ಸೇರಿ 27 ಸಾವಿರ. ಡೊಂಬಿವಲಿ ಮನೆ ಬಾಡಿಗೆಗೆ ಕೊಟ್ಟರೆ ಸೊಸೈಟಿ ಖರ್ಚು ಕಳೆದು ಕೈಗೆ 12-13. ಪೆಟ್ರೋಲು, ಶಾಲೆಯ ಹೆಚ್ಚಿನ ಫೀಸು ಸೇರಿ 3-4. ಹೆಂಡತಿಯ ಸಂಬಳದಲ್ಲಿ 9. ಎಚ್‌ಆರ್‌ಎ, ಅಂದರೆ ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ, ಅದರ ಕಡೆಯಿಂದ ಸ್ವಲ್ಪ ಉಳಿಯಿತು. ಸ್ವಂತ ಮನೆಯಲ್ಲಿದ್ದಾಗ ಅದಕ್ಕೆ ಪೂರ್ತಿ ತೆರಿಗೆ ಬೀಳುತ್ತಿತ್ತು, ಬಾಡಿಗೆ ಕಟ್ಟಿದರೆ ವಿನಾಯಿತಿ. ಆಗ ಪುಣೆಗೆ ಬೇಸಿಕ್ಕಿನ 40% ಮಿತಿ, ಮುಂಬೈಗೆ 50%. ಹಳೆ ತೆರಿಗೆ ಪದ್ಧತಿಯಲ್ಲಿದ್ದವರಿಗೆ ಮಾತ್ರ ಇದು. ಡೊಂಬಿವಲಿ ಬಾಡಿಗೆಗೆ ತೆರಿಗೆ ಕಟ್ಟಬೇಕು, ಅದರಲ್ಲಿ 30% ಕಡಿತ ಸಿಗುತ್ತದೆ. ಎಲ್ಲ ಕೂಡಿ ಕಳೆದು ತಿಂಗಳಿಗೆ 25 ಸಾವಿರದಷ್ಟು ಹೊರೆ. ಅದರ ಎದುರಿಗೆ ದಿನಕ್ಕೆ ಎರಡು ಗಂಟೆಗೂ ಜಾಸ್ತಿ ಉಳಿತಾಯ. ಮನೆಯಲ್ಲಿ ಕೂತು ಮಾತಾಡಿದೆವು. ಕಂಪನಿಯಿಂದ ಸಂಬಳದಲ್ಲಿ ತಿಂಗಳಿಗೆ 12 ಸಾವಿರ ಜಾಸ್ತಿ ಸಿಕ್ಕರೆ ಹೋಗುವುದು, ಸಿಗದಿದ್ದರೆ ಗ್ರಾಚುಟಿ ತೆಗೆದುಕೊಂಡು ನವಿ ಮುಂಬೈಯ ಐರೋಳಿ ಕಡೆ ಕೆಲಸ ಹುಡುಕುವುದು ಅಂತ ಗೆರೆ ಎಳೆದೆವು.

ಕಂಪನಿ ಮೊದಲು ಕೊಡುತ್ತೇನೆ ಅಂದದ್ದು ಒಂದು ಸಲಕ್ಕೆ 50 ಸಾವಿರ. ಎರಡು ವರ್ಷದೊಳಗೆ ಬಿಟ್ಟರೆ ಪೂರ್ತಿ ವಾಪಸ್. ಸಂಬಳದಲ್ಲಿ ಏನೂ ಏರಿಕೆ ಇಲ್ಲ. ಮೊದಲ ವಾರ ಸಹಿ ಹಾಕಿದವರಿಗೆ ಅಷ್ಟೇ ಸಿಕ್ಕಿತು. ನಾನು ಸೆಪ್ಟೆಂಬರಿನಲ್ಲಿ ನೋಟ್‌ಬುಕ್ ತೆಗೆದುಕೊಂಡು ಕೂತೆ. ಮೂರು ತಿಂಗಳು ಅಲ್ಲೇ ಇದ್ದು ಬರೆದ ಲೆಕ್ಕ, ಅದನ್ನು ಅಂದಾಜು ಅಂತ ತಳ್ಳಿ ಹಾಕಲು ಅವರಿಗೆ ಆಗಲಿಲ್ಲ. ಅಷ್ಟರಲ್ಲಿ ಹೊಸ ಹುಡುಗರೂ ನನ್ನ ಕೈಕೆಳಗೆ ತಯಾರಾಗುತ್ತಿದ್ದರು. ಕೊನೆಗೆ ಸಂಬಳದಲ್ಲಿ 12 ಸಾವಿರ, ಒಂದು ಸಲದ ದುಡ್ಡು 1.75 ಲಕ್ಷದ ಹತ್ತಿರ. ವಾಪಸ್ ಕೊಡುವ ಷರತ್ತು ಒಂದೇ ವರ್ಷ, ಅದೂ ಉಳಿದ ತಿಂಗಳಿಗೆ ತಕ್ಕಷ್ಟು. ಸಂಸಾರ ಬರುವುದು ಶಾಲೆಯ ವರ್ಷ ಮುಗಿದ ಮೇಲೆ. ನಮ್ಮ ತಂಡದಲ್ಲಿ ಇಷ್ಟು ಬೇರೆ ಯಾರಿಗೂ ಸಿಗಲಿಲ್ಲ.

ಆ ದುಡ್ಡನ್ನು ಒಂದೇ ಗಂಟಾಗಿ ತೆಗೆದುಕೊಳ್ಳಬೇಡಿ. ಸಾಮಾನು ಪ್ಯಾಕಿಂಗ್, ಲಾರಿ, ಸಂಸಾರದ ಪ್ರಯಾಣ ಇವನ್ನು ವರ್ಗಾವಣೆ ಭತ್ಯೆ ಅಂತ ಬಿಲ್ ಕೊಟ್ಟು ಪಡೆದರೆ ಖರ್ಚಾದಷ್ಟಕ್ಕೆ ತೆರಿಗೆ ಇಲ್ಲ. ವರ್ಗಾವಣೆ ಹೊತ್ತಿನಲ್ಲಿ ಕಂಪನಿ ಹೋಟೆಲಿನಲ್ಲಿ ಇರಿಸಿದರೆ 15 ದಿನದವರೆಗೆ ಅದೂ ತೆರಿಗೆಗೆ ಬರುವುದಿಲ್ಲ. ಬ್ರೋಕರೇಜ್, ಶಾಲೆ ಅಡ್ಮಿಶನ್ ಇದರೊಳಗೆ ಸೇರುವುದಿಲ್ಲ, ಅವಕ್ಕೆ ಕೊಟ್ಟದ್ದು ಸಂಬಳದ ಲೆಕ್ಕ. ನಮ್ಮ ಲಾರಿಗೆ 23-24 ಸಾವಿರ ಆಯಿತು.

2024ರ ಮೇನಲ್ಲಿ ಎಲ್ಲರೂ ಬಂದೆವು. ಮಗಳು ಒಂಬತ್ತಕ್ಕೆ ಹೊಸ ಶಾಲೆ ಸೇರಿದಳು, ಒಂಬತ್ತು ಹತ್ತು ಒಂದೇ ಕಡೆ ಆಯಿತು. ಅದಕ್ಕಾಗಿಯೇ ನಾನು ಆ ಒಂದು ವರ್ಷ ಹಟ ಹಿಡಿದದ್ದು. ಹೆಂಡತಿಯ ಸಂಬಳ ಈಗ ಹಳೆಯದರ ಹತ್ತಿರ ಬಂದಿದೆ. ಅವಳಿಗೆ ಕಷ್ಟ ಆದದ್ದು ಒಂದೇ, ಕುಂದಾಪುರಕ್ಕೆ ಠಾಣೆಯಲ್ಲಿ ಹತ್ತಿದರೆ ಮತ್ಸ್ಯಗಂಧ ರೈಲು ನೇರ ಬಿಡುತ್ತಿತ್ತು. ಇಲ್ಲಿಂದ ರಾತ್ರಿ ಬಸ್ಸು. ನನ್ನ ತಾಯಿ ಇರುವ ಬೆಳಗಾವಿ ಮಾತ್ರ ಹತ್ತಿರ ಆಯಿತು.

ಈಗ ಅದೇ ಭಾವನವರ ಮಗನನ್ನು ಅವನ ಕಂಪನಿ ಬೆಂಗಳೂರಿಗೆ ಹೋಗು ಅಂದಿದೆ. ಅವನ ನೋಟ್‌ಬುಕ್ ನಾನೇ ಗೆರೆ ಹಾಕಿ ಕೊಟ್ಟೆ. ಅವನದು ಬೇರೆ ರಾಜ್ಯ, ಹಾಗಾಗಿ ನಮಗಿಲ್ಲದ ಒಂದು ಖರ್ಚು ಸೇರುತ್ತದೆ. ಮಹಾರಾಷ್ಟ್ರ ನಂಬರಿನ ಕಾರು 12 ತಿಂಗಳಿಗಿಂತ ಜಾಸ್ತಿ ಅಲ್ಲಿದ್ದರೆ ಕರ್ನಾಟಕದಲ್ಲಿ ಮತ್ತೆ ನೋಂದಣಿ, ಮತ್ತೆ ರಸ್ತೆ ತೆರಿಗೆ. ಆ ಅಂಕಿಯನ್ನೂ ಮೊದಲೇ ಬರೆದುಕೊಂಡು, ಜೂನ್‌ನಲ್ಲಿ ಒಬ್ಬನೇ ಹೋಗು ಅಂದಿದ್ದೇನೆ.