ನೈಟ್ರೋಜನ್ ಸಿಲಿಂಡರ್ ಇಲ್ಲದೆ ಪಿಡಿಐ 1.1

ಗ್ಲೋವ್ ಬಾಕ್ಸ್ (ಗಾಳಿ ನುಸುಳದ ಪೆಟ್ಟಿಗೆ) ಇಲ್ಲದವರು ಎಟಿಆರ್‌ಪಿಯ (ಪಾಲಿಮರ್ ಸರಪಳಿಗಳನ್ನು ಹೆಚ್ಚುಕಡಿಮೆ ಒಂದೇ ಉದ್ದಕ್ಕೆ ಬೆಳೆಸುವ, ಆಮ್ಲಜನಕ ಸೋಕಿದರೆ ಕೆಡುವ ವಿಧಾನ) ಮಾತೆತ್ತಬಾರದು ಎಂದು ನಮ್ಮ ವಿಭಾಗದ ಹಿರಿಯರೊಬ್ಬರು ಎಲ್ಲರೆದುರೇ ಹೇಳಿದ್ದರು. ಮೊನ್ನೆ ಬಂದ ಜಿಪಿಸಿ (ಪಾಲಿಮರಿನ ಅಣುತೂಕ ಅಳೆಯುವ ಪರೀಕ್ಷೆ) ವರದಿಯಲ್ಲಿ ಪಿಡಿಐ, ಅಂದರೆ ಸರಪಳಿಗಳ ಉದ್ದದ ಏರುಪೇರಿನ ಅಳತೆ (1 ಎಂದರೆ ಎಲ್ಲವೂ ಸಮ), 1.1ರ ಆಸುಪಾಸಿನಲ್ಲಿದೆ, ಅಣುತೂಕ ಲೆಕ್ಕ ಹಾಕಿದ 4,500ಕ್ಕೆ ಹತ್ತಿರವಿದೆ. ಗ್ಲೋವ್ ಬಾಕ್ಸ್ ಹಾಗಿರಲಿ, ನೈಟ್ರೋಜನ್ ಬಲೂನನ್ನೂ ಮುಟ್ಟಿರಲಿಲ್ಲ. ವರದಿಯ ಪ್ರತಿಯೊಂದನ್ನು ಅವರ ಮೇಜಿನ ಮೇಲೆ ಇಟ್ಟು ಬಂದೆ.

ಅದಕ್ಕೂ ಮುಂಚೆ ಕೈ ಸುಟ್ಟುಕೊಂಡದ್ದು ಕಡಿಮೆಯಲ್ಲ. ಫ್ರೀಜ್-ಪಂಪ್-ಥಾ (ಮಿಶ್ರಣವನ್ನು ಹೆಪ್ಪುಗಟ್ಟಿಸಿ, ಗಾಳಿ ಎಳೆದು, ಮತ್ತೆ ಕರಗಿಸುವುದು) ಮಾಡೋಣವೆಂದು ದ್ರವ ನೈಟ್ರೋಜನ್ ತರಿಸಿದರೆ ದಾರಿಯಲ್ಲೇ ಅರ್ಧ ಆವಿ. ಬಾಡಿಗೆ ಮಾತ್ರ ಪೂರ್ತಿ. ಸೂಜಿಯಲ್ಲಿ ನೈಟ್ರೋಜನ್ ಗುಳ್ಳೆ ಹಾಯಿಸಿದರೆ ನಮ್ಮ ಮಾನೋಮರ್ (ಪಾಲಿಮರಾಗಿ ಜೋಡಿಸಿಕೊಳ್ಳುವ ಮೂಲ ಅಣು) ಮೀಥೈಲ್ ಅಕ್ರಿಲೇಟ್ ಅದರ ಜೊತೆಗೇ ಹಾರಿಹೋಗಿ, ಅನುಪಾತ ಕೆಟ್ಟು, ಇಡೀ ಮಹಡಿ ನಾರುತ್ತಿತ್ತು. ಪಿಡಿಐ 1.5ರಿಂದ ಕೆಳಗಿಳಿಯಲಿಲ್ಲ. ಆ ಕೆಟ್ಟ ಸುದ್ದಿ ಕೇಳಲಿಕ್ಕೂ ಪ್ರತಿ ಸ್ಯಾಂಪಲ್‌ಗೆ ಸಾವಿರ ರೂಪಾಯಿಯಷ್ಟು ತೆರಬೇಕಿತ್ತು.

ದಾರಿ ಸಿಕ್ಕಿದ್ದು ವಾರ್ವಿಕ್ ವಿಶ್ವವಿದ್ಯಾಲಯದ ಹ್ಯಾಡಲ್ಟನ್ ಗುಂಪಿನ 2018ರ ಕೆಲಸದಲ್ಲಿ. ಸೀಸೆಯನ್ನು ಕಂಠದವರೆಗೆ ತುಂಬಿ ಮೇಲೆ ಗಾಳಿಗೆ ಜಾಗವೇ ಇಲ್ಲದಂತೆ ಮಾಡಿದರೆ, ಕರಗಿರುವ ಆಮ್ಲಜನಕವನ್ನು ಕ್ರಿಯೆಯ ಮಿಶ್ರಣವೇ ತೀರಿಸಿಕೊಳ್ಳುತ್ತದೆ. ಮೋಲ್ ಲೆಕ್ಕದಲ್ಲಿ ಮಾನೋಮರ್ 50, ಇಬಿಐಬಿ (ಸರಪಳಿ ಶುರುಮಾಡುವ ಇನಿಶಿಯೇಟರ್) 1, ಕ್ಯುಪ್ರಿಕ್ ಬ್ರೋಮೈಡ್ 0.05, ಮೀ6ಟ್ರೆನ್ (ತಾಮ್ರವನ್ನು ಹಿಡಿದಿಡುವ ಲಿಗ್ಯಾಂಡ್) 0.18; ಜೊತೆಗೆ ಮಾನೋಮರಿನ ಗಾತ್ರಕ್ಕೆ ಸಮಪಾಲು ಡಿಎಂಎಸ್‌ಒ ದ್ರಾವಕ, ಸ್ಟರ್ ಬಾರ್‌ಗೆ ಸುತ್ತಿದ ಸುಮಾರು 5 ಸೆಂ.ಮೀ. ತಾಮ್ರದ ತಂತಿ. 25 ಡಿಗ್ರಿಯಲ್ಲಿ ಒಂದೆರಡು ಗಂಟೆ ಬಿಟ್ಟು ಎನ್‌ಎಂಆರ್ ತೆಗೆದರೆ ಉಳಿದ ಮಾನೋಮರನ್ನು ತೋರಿಸುವ ವಿನೈಲ್ ಪೀಕುಗಳು ಹೆಚ್ಚುಕಡಿಮೆ ಮಾಯ.

ಜೇಬು ಕತ್ತರಿಸುವುದು ಲಿಗ್ಯಾಂಡ್. ಅದರ ಮೂಲವಸ್ತುವಾದ ಟ್ರೆನ್ ಕೊಂಡು, ಫಾರ್ಮಾಲಿನ್ ಮತ್ತು ಫಾರ್ಮಿಕ್ ಆಮ್ಲದಲ್ಲಿ ಕುದಿಸಿ, ನಿರ್ವಾತದಲ್ಲಿ ಬಟ್ಟಿ ಇಳಿಸಿಕೊಂಡೆವು. ಖರ್ಚು ಕಾಲುಭಾಗಕ್ಕೆ ಇಳಿಯಿತು. ತಂತಿಯ ವಿಷಯದಲ್ಲಿ ಎಚ್ಚರ: ಮೋಟಾರ್ ರಿವೈಂಡಿಂಗ್ ಅಂಗಡಿಯ ತಂತಿಗೆ ವಾರ್ನಿಷ್ ಲೇಪನವಿರುತ್ತದೆ, ತಂತಿ ಶುಚಿಮಾಡುವ ಆಮ್ಲ ಅದಕ್ಕೆ ನಾಟುವುದಿಲ್ಲ. ಮನೆಯ ವೈರಿಂಗ್ ತಂತಿಯ ಪ್ಲಾಸ್ಟಿಕ್ ಸುಲಿದರೆ ಸಾಕು. ಗಾಢ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಾಲು ಗಂಟೆ ಇಡುತ್ತೇನೆ. ಅಲ್ಲಿಂದ ಸೀಸೆಗೆ ಹೋಗುವವರೆಗೆ ತಂತಿಗೆ ಏನು ಉಪಚಾರ ಎಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ.

ಇನ್ನೊಂದು ಕಾಟವನ್ನು ಯಾರೂ ಹೇಳಿರಲಿಲ್ಲ. ಪಾಲಿಮರ್ ಆಗುತ್ತಿದ್ದಂತೆ ದ್ರವ ಕುಗ್ಗುತ್ತದೆ, ಸೀಸೆಯ ರಬ್ಬರ್ ಮುಚ್ಚಳ, ಸೆಪ್ಟಮ್, ಒಳಕ್ಕೆ ಗುಳಿ ಬೀಳುತ್ತದೆ. ಹಳೆಯ, ಹತ್ತಾರು ಸಲ ಚುಚ್ಚಿದ ಸೆಪ್ಟಮ್ ಆದರೆ ಆಗಲೇ ಗಾಳಿ ಎಳೆದುಕೊಂಡು ಕ್ರಿಯೆ ಅರ್ಧಕ್ಕೆ ನಿಲ್ಲುತ್ತದೆ. ಮೂವತ್ತು ರೂಪಾಯಿಯ ರಬ್ಬರಿಗೆ ಜಿಪುಣತನ ಮಾಡಬೇಡಿ.

ನಡುವೆ ಬ್ಯೂಟೈಲ್ ಅಕ್ರಿಲೇಟನ್ನೂ ಹಾಕಿ ನೋಡಿದೆ. ಅದರ ಪಾಲಿಮರ್ ಡಿಎಂಎಸ್‌ಒದಲ್ಲಿ ಕರಗದೆ ತಾನೇ ಬೇರೆ ಪದರವಾಗುತ್ತದೆ; ತಾಮ್ರದ ಹಸಿರು ಬಹುಪಾಲು ಡಿಎಂಎಸ್‌ಒ ಪದರದಲ್ಲೇ ಉಳಿಯುತ್ತದೆ, ತಾಮ್ರ ತೆಗೆಯುವ ಅಲ್ಯೂಮಿನಾ ಕಾಲಮ್ಮಿನ ಕೆಲಸ ಅರ್ಧ ತಪ್ಪುತ್ತದೆ. ಎಂಎಂಎ (ಮೀಥೈಲ್ ಮೆಥಾಕ್ರಿಲೇಟ್) ಮಾತ್ರ ಈ ಪಾಕಕ್ಕೆ ಒಲಿಯಲಿಲ್ಲ, ಅದರ ಪಿಡಿಐ ಬರೆಯುವಂತಿಲ್ಲ. ಬೇರೆ ಇನಿಶಿಯೇಟರ್, ಬೇರೆ ದ್ರಾವಕ ಹಿಡಿದಿದ್ದೇನೆ. ಸ್ಯಾಂಪಲ್‌ಗಳು ಫ್ರಿಜ್‌ನಲ್ಲಿವೆ, ಜಿಪಿಸಿಗೆ ಹಣ ಮಂಜೂರಾಗಬೇಕು.