ಕೆಮ್ಮಣ್ಣಿಗೆ ಸಿಕ್ಕ ಶಾಕಪ್

ಬೀದರಿನಿಂದ ಹೊನ್ನಿಕೇರಿ ಕಾಡಿನ ಕಡೆಗೆ ಬೆಳಿಗ್ಗೆ ಒಂದು ಸುತ್ತು ಸೈಕಲ್ ತುಳಿದು ಬಂದರೆ ಕಾಲುಚೀಲದಿಂದ ಹುಬ್ಬಿನವರೆಗೆ ಎಲ್ಲವೂ ಕೆಂಪು. ಮುಖ ತೊಳೆಯುತ್ತೇವೆ, ಬಟ್ಟೆ ಒಗೆಯಲು ಹಾಕುತ್ತೇವೆ. ಮೌಂಟನ್ ಬೈಕಿನ ಮುಂದಿನ ಸಸ್ಪೆನ್ಷನ್ ಫೋರ್ಕ್, ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ‘ಶಾಕಪ್’, ಮಾತ್ರ ಅದೇ ಧೂಳಿನಲ್ಲಿ ಗೋಡೆಗೆ ಒರಗಿರುತ್ತದೆ. ಕಲ್ಲಿಗೆ ಬಡಿದು ಫೋರ್ಕ್ ಹಾಳಾಗುವುದು ಅಪರೂಪ. ಅದನ್ನು ತಿನ್ನುವುದು ಈ ಹುಡಿ.

ಮಿರುಗುವ ಎರಡು ಮೇಲ್ಕೊಳವೆಗಳು ದಪ್ಪನೆಯ ಕೆಳಗಾಲುಗಳೊಳಗೆ ಜಾರುತ್ತವಲ್ಲ, ಆ ಸಂದಿನಲ್ಲಿ ಒಂದು ರಬ್ಬರ್ ಸೀಲ್ ಇದೆ. ಧೂಳನ್ನು ಒರೆಸಿ ಹೊರಗಿಡುವುದು ಅದರ ಕೆಲಸ. ಎಷ್ಟೋ ಫೋರ್ಕ್‌ಗಳಲ್ಲಿ ಅದರ ಕೆಳಗೆ ಎಣ್ಣೆ ಕುಡಿದ ಸ್ಪಂಜಿನ ಬಳೆಯೂ ಇರುತ್ತದೆ. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್ ಹೇರಳ. ಅದು ಎಣ್ಣೆಯಲ್ಲಿ ಕಲೆತು ಸೀಲಿನ ತುಟಿಗೆ ಅಂಟಿತೋ, ಪ್ರತಿ ಕುಲುಕಿಗೂ ಕೊಳವೆಯನ್ನು ಮರಳುಕಾಗದದಂತೆ ಉಜ್ಜುತ್ತದೆ. ಬಿದ್ರಿ ಕುಶಲಕರ್ಮಿಗಳು ಕೋಟೆಯ ಮಣ್ಣನ್ನು ನವಸಾಗರದ ಜೊತೆ ಬಳಸಿ ಹೂಜಿಗೆ ಕಪ್ಪು ಬಣ್ಣ ತರುತ್ತಾರೆ (ಇದು ಲೋಹದ ಹೂಜಿ), ಕೊನೆಗೆ ಎಣ್ಣೆ ಸವರಿ ಮಿರುಗಿಸುತ್ತಾರೆ. ಬೀದರಿನ ಮಣ್ಣೂ ಎಣ್ಣೆಯೂ ಹೂಜಿಗೆ ಸೊಗಸು, ಫೋರ್ಕಿಗಲ್ಲ.

ಇದು ತಿಳಿಯದೆ ನಾನೇ ಮೊದಲ ವರ್ಷ ಹೊಲಿಗೆ ಯಂತ್ರದ ಎಣ್ಣೆಯನ್ನು ವಾರಕ್ಕೊಮ್ಮೆ ಕೊಳವೆಗೆ ಬಿಡುತ್ತಿದ್ದೆ. “ಎಣ್ಣಿ ಹಾಕ್ರೀ, ಮೆತ್ತಗ ಆಗ್ತದ” ಎಂದು ಯಾರೋ ಹೇಳಿದ್ದರು. ಮೆತ್ತಗಾಯಿತು, ನಿಜ. ಮಳೆಗಾಲ ಮುಗಿಯುವಷ್ಟರಲ್ಲಿ ಎಡಗೊಳವೆಯ ಮೇಲೆ ಉದ್ದಕ್ಕೂ ಗೀರು. ಚೈನಿನ ಎಣ್ಣೆ, ಕೊಬ್ಬರಿ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಯಾವುದನ್ನೂ ಅಲ್ಲಿಗೆ ಹಾಕಬೇಡಿ.

ಪ್ರತಿ ಸವಾರಿಯ ನಂತರ

ಒಣ ಧೂಳಾದರೆ ಮೆತ್ತನೆಯ ಬ್ರಷ್‌ನಿಂದ ಸೀಲಿನ ಸುತ್ತ ಕೊಡವಿ, ಆಮೇಲೆ ಒದ್ದೆ ಬಟ್ಟೆಯಿಂದ ಕೊಳವೆಯನ್ನು ಒರೆಸಿ. ಬ್ರಷ್ ಮೊದಲು, ಬಟ್ಟೆ ನಂತರ. ತಿರುಗುಮುರುಗಾದರೆ ಕಣಗಳನ್ನು ನೀವೇ ತಿಕ್ಕಿದಂತೆ. ಕೆಸರಾಗಿದ್ದರೆ ಬಕೆಟ್ ನೀರು, ಚೂರು ಸೋಪು ಸಾಕು. ವಾಟರ್ ಸರ್ವಿಸ್ ಅಂಗಡಿಯ ಪೈಪಿಗೆ ಮಾತ್ರ ಕೊಡಬೇಡಿ, ಆ ರಭಸಕ್ಕೆ ಕೆಸರುನೀರು ಸೀಲನ್ನು ದಾಟಿ ಒಳಗೆ ನುಗ್ಗುತ್ತದೆ. ಒರೆಸಿದ ಮೇಲೆ ಫೋರ್ಕನ್ನು ನಾಲ್ಕೈದು ಸಲ ಒತ್ತಿ ನೋಡಿ. ಕೊಳವೆಯ ಮೇಲೆ ಕೆಂಪು ಉಂಗುರ ಮೂಡಿದರೆ ಮತ್ತೊಮ್ಮೆ ಒರೆಸಿ.

ಇಷ್ಟಕ್ಕೆ ಎರಡು ನಿಮಿಷ. ಫೋರ್ಕಿನ ಆಯುಷ್ಯದ ಮುಕ್ಕಾಲು ಪಾಲು ಈ ಎರಡು ನಿಮಿಷದಲ್ಲೇ ಇದೆ ಎಂಬುದು ನನ್ನ ಅನುಭವ.

ಬಿಚ್ಚುವ ದಿನ

ಕೆಳಗಾಲು ಬಿಚ್ಚಿ ಎಣ್ಣೆ ಬದಲಿಸಲು ಫೋರ್ಕ್ ತಯಾರಿಸುವ ರಾಕ್‌ಶಾಕ್ಸ್ ಕಂಪನಿ ಸಾಮಾನ್ಯವಾಗಿ ಹೇಳುವುದು 50 ಗಂಟೆಗಳ ಸವಾರಿಗೊಮ್ಮೆ. ಇನ್ನೊಂದು ಕಂಪನಿ ಫಾಕ್ಸ್ 125 ಗಂಟೆ ಅಥವಾ ವರ್ಷಕ್ಕೊಮ್ಮೆ ಎನ್ನುತ್ತದೆ. ನಮ್ಮ ಧೂಳಿಗೆ ಬೇಸಿಗೆ ಮುಗಿದ ಮೇಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಎಂದಿಟ್ಟುಕೊಂಡರೆ ನೆನಪಿರುತ್ತದೆ. ಕಡಿಮೆ ಬೆಲೆಯ ಸ್ಪ್ರಿಂಗ್ ಫೋರ್ಕ್‌ಗಳ ಒಳಗೆ ಬಹುಮಟ್ಟಿಗೆ ಎಣ್ಣೆಯೇ ಇರುವುದಿಲ್ಲ, ಗ್ರೀಸ್ ಮಾತ್ರ. ಅವನ್ನು ಬಿಚ್ಚುವ ಕ್ರಮವೂ ಹೆಚ್ಚುಕಡಿಮೆ ಇದೇ, ಗಾಳಿಯ ಮಾತು ಬಿಟ್ಟು.

ಮುಂದಿನ ಚಕ್ರ ತೆಗೆದು, ಬ್ರೇಕ್ ಕ್ಯಾಲಿಪರ್ ಬಿಚ್ಚಿ ಪಕ್ಕಕ್ಕೆ ಕಟ್ಟಿ. ಸ್ಪ್ರಿಂಗ್ ಬದಲು ಗಾಳಿ ತುಂಬಿದ ಫೋರ್ಕ್ ಆದರೆ ಎಷ್ಟು ಪಿಎಸ್‌ಐ ಇದೆ ಎಂದು ಬರೆದಿಟ್ಟುಕೊಂಡು ಪೂರ್ತಿ ಗಾಳಿ ಬಿಡಿ. ಈ ಹಂತ ಮರೆತು ಬೋಲ್ಟ್ ಬಿಚ್ಚಿದರೆ ಪೆಟ್ಟಾದೀತು, ಹುಷಾರು. ಆಮೇಲೆ ಫೋರ್ಕ್ ಮರಳಿ ಮೇಲೇಳುವ ವೇಗ ಹೊಂದಿಸುವ ತಳದ ತಿರುಪು, ಅಂದರೆ ರಿಬೌಂಡ್ ನಾಬ್ ತೆಗೆದು, ತಳದ ಎರಡು ಬೋಲ್ಟುಗಳನ್ನು ಮೂರು-ನಾಲ್ಕು ಸುತ್ತು ಮಾತ್ರ ಸಡಿಲಿಸಿ. ಅಲೆನ್ ಕೀಯನ್ನು ಬೋಲ್ಟಿನಲ್ಲೇ ಬಿಟ್ಟು ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಒಳಗಿನ ದಂಡ ಕಳಚಿಕೊಳ್ಳುತ್ತದೆ. ಕೆಳಗೊಂದು ತಟ್ಟೆ ಇಟ್ಟು ಬೋಲ್ಟ್ ಪೂರ್ತಿ ತೆಗೆಯಿರಿ. ಸುರಿಯುವ ಎಣ್ಣೆ ಚಹಾದ ಬಣ್ಣಕ್ಕಿದ್ದರೆ ತಡವಾಗಿದೆ ಎಂದರ್ಥ.

ಕೆಳಗಾಲುಗಳನ್ನು ನೇರವಾಗಿ ಎಳೆದು ತೆಗೆಯಿರಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯನ್ನು ಕೋಲಿಗೆ ಸುತ್ತಿ ಒಳಗೆಲ್ಲ ಒರೆಸಿ. ನೂಲು ಬಿಡದ ಹಳೆಯ ಬನಿಯನ್ ಆದೀತು. ಸ್ಪಂಜಿನ ಬಳೆ ತೆಗೆದು ತೊಳೆದು, ಹಿಂಡಿ, ಹೊಸ ಫೋರ್ಕ್ ಎಣ್ಣೆಯಲ್ಲಿ ನೆನೆಸಿಡಿ. ಕೊಳವೆಯ ಮೇಲೆ ಉಗುರು ಎಳೆದು ನೋಡಿ. ತಡೆಯುವಷ್ಟು ಗೀರಿದ್ದರೆ 2000 ನಂಬರಿನ ಮರಳುಕಾಗದವನ್ನು ಒದ್ದೆ ಮಾಡಿ ಅಷ್ಟು ಜಾಗಕ್ಕೆ ಮಾತ್ರ ಹಗುರವಾಗಿ ಆಡಿಸಿ. ಸೀಲಿಗೆ ಸಸ್ಪೆನ್ಷನ್ ಗ್ರೀಸ್ ಹಚ್ಚಿ. ಗಾಡಿ ಬೇರಿಂಗಿನ ಲಿಥಿಯಂ ಗ್ರೀಸ್ ಸೀಲನ್ನು ಕೆಡಿಸಬಹುದು. ಕುಲುಕಾಟವನ್ನು ಹದಗೊಳಿಸುವ ಒಳಗಿನ ಡ್ಯಾಂಪರ್ ಕಾರ್ಟ್ರಿಡ್ಜ್ ಮುಟ್ಟಬೇಡಿ, ಅದಕ್ಕೆ ಬೇರೆಯೇ ಸಲಕರಣೆ ಬೇಕು.

ಜೋಡಿಸುವಾಗ ಅವಸರ ಬೇಡ. ಸೀಲಿನ ತುಟಿ ಒಳಕ್ಕೆ ಮಡಚದಂತೆ ಕೆಳಗಾಲುಗಳನ್ನು ಅರ್ಧಕ್ಕೆ ತೂರಿಸಿ, ಫೋರ್ಕನ್ನು ಓರೆ ಮಾಡಿ ಬೋಲ್ಟಿನ ತೂತಿನಿಂದ ಸಿರಿಂಜಿನಲ್ಲಿ ಎಣ್ಣೆ ಹಾಕಿ. ಅಳತೆ ಕಾಲಿಗೊಂದು ಇರಬಹುದು, ನಿಮ್ಮ ಮಾದರಿಯ ಕೈಪಿಡಿ ನೋಡಿಯೇ ಹಾಕಿ. ಪೂರ್ತಿ ತಳ್ಳಿ, ಹೊಸ ವಾಷರ್ ಹಾಕಿ ಬಿಗಿಮಾಡಿ. ಬೋಲ್ಟ್ ಟೊಳ್ಳಾಗಿರಬಹುದು, ಬಲ ಹಾಕಿದರೆ ಮುರಿದೀತು. ಕೈಪಿಡಿ ಹೇಳುವ ಟಾರ್ಕ್‌ನಷ್ಟೇ (ತಿರುಗಿಸುವ ಬಲದಷ್ಟೇ) ಬಿಗಿ ಸಾಕು.

ಬರೆದಿಟ್ಟಷ್ಟು ಗಾಳಿಯನ್ನು ಶಾಕ್ ಪಂಪಿನಿಂದಲೇ ತುಂಬಿ. ಕೊಳವೆಯ ರಬ್ಬರ್ ಉಂಗುರವನ್ನು ಸೀಲಿಗೆ ತಾಗಿಸಿ, ಕುಲುಕದೆ ಸೈಕಲ್ ಮೇಲೆ ಕುಳಿತು ಇಳಿಯಿರಿ. 100 ಮಿ.ಮೀ. ಕುಗ್ಗುವ ಫೋರ್ಕಿನಲ್ಲಿ ಉಂಗುರ 15ರಿಂದ 20 ಮಿ.ಮೀ. ಸರಿದಿದ್ದರೆ ಗಾಳಿ ಸರಿಯಾಗಿದೆ. ಮೊದಲ ಒಂದೆರಡು ಸವಾರಿಗಳಲ್ಲಿ ಕೊಳವೆಯ ಮೇಲೆ ಎಣ್ಣೆಯ ತೆಳು ಗೆರೆ ಕಾಣುವುದು ಸಹಜ. ನಾಲ್ಕನೆಯ ಸಲವೂ ಕಂಡರೆ ಎಲ್ಲೋ ಸೀಲಿನ ತುಟಿ ಮಡಚಿದೆ, ತಟ್ಟೆ ಮತ್ತೆ ಕೆಳಗಿಡಿ.