ಇಂಗ್ಲಿಷ್ ಕಾಗದದಲ್ಲಿ ‘ಯಾರದು’ ಎಂದು ಬರೆಯುವಾಗ

ಮಕ್ಕಳ ಓದಿಗೆಂದು ಮೈಸೂರಿಗೆ ಬಂದು ಮನೆ ಮಾಡಿದವರು ನಮ್ಮ ಸಂಘಕ್ಕೆ ಹೊತ್ತು ತರುವುದು ಹೆಚ್ಚಾಗಿ ಇಂಗ್ಲಿಷ್ ಕಾಗದಗಳನ್ನೇ: ಶಾಲೆಯ ಅರ್ಜಿ, ರಜೆ ಚೀಟಿ, ಬಾಡಿಗೆ ಕರಾರು. ದೊಡ್ಡ ಪದಗಳನ್ನು ಹೇಗೋ ನಿಭಾಯಿಸುತ್ತಾರೆ. ತೊಡಕು ‘ಯಾರ’ ಅನ್ನುವ ಕಡೆಯೇ.

ಒಬ್ಬನೇ ಮಗನಾದರೂ ನಾವು ‘ನಮ್ಮಪ್ಪ’ ಅನ್ನುತ್ತೇವೆ. ರಜೆ ಚೀಟಿಯಲ್ಲಿ ಹುಡುಗ ‘ಅವರ್ ಫಾದರ್’ ಎಂದು ಬರೆದರೆ ಅಣ್ಣತಮ್ಮಂದಿರೆಲ್ಲ ಸೇರಿ ಬರೆದ ಹಾಗಾಗುತ್ತದೆ. ಕ್ರೈಸ್ತರ ಒಂದು ಮುಖ್ಯ ಪ್ರಾರ್ಥನೆ ಶುರುವಾಗುವುದೂ ಇದೇ ಮಾತಿನಿಂದ! ‘ಮೈ ಫಾದರ್’ ಎಂದೇ ಬರೆಸಿ, ಅದು ಒರಟಲ್ಲ. ‘ನಮ್ಮ ಮನೆಯವರು’ ಕೂಡ ಅಲ್ಲಿ ‘ಮೈ ಹಸ್ಬೆಂಡ್’ ಅಥವಾ ‘ಮೈ ವೈಫ್’ ಅಷ್ಟೇ.

‘ಅಪ್ಪನ ಫೋಟೊ’ ಅಂದರೆ ಅಪ್ಪ ಇರುವುದು, ಅಪ್ಪ ತೆಗೆದದ್ದು, ಅಪ್ಪನ ಹತ್ತಿರ ಇರುವುದು, ಯಾವುದೂ ಆಗಬಹುದು. ‘ಮೈ ಫಾದರ್ಸ್ ಫೋಟೊ’ ಕೂಡ ಹಾಗೆಯೇ. ‘ಎ ಫೋಟೊ ಆಫ್ ಮೈ ಫಾದರ್’ ಅಂದರೆ ಮಾತ್ರ ಫೋಟೊದಲ್ಲಿ ಅಪ್ಪನೇ ಇರಬೇಕು. ಕೊನೆಗೊಂದು ಎಸ್ ಸೇರಿಸಿ ‘ಎ ಫೋಟೊ ಆಫ್ ಮೈ ಫಾದರ್ಸ್’ ಅಂದಿರೋ, ಅದು ಅವರಿಗೆ ಸೇರಿದ್ದು ಅಥವಾ ಅವರು ತೆಗೆದದ್ದು. ಅದರಲ್ಲಿ ಬರೀ ಚಾಮುಂಡಿ ಬೆಟ್ಟವಿದ್ದರೂ ಸರಿಯೇ. ‘ಆಫ್’ ಇದ್ದ ಮೇಲೆ ಎಸ್ ಯಾಕೆ ಎಂದು ಹೊಡೆದು ಹಾಕಬೇಡಿ.

ಕರಾರಿನಲ್ಲಿ ‘ರವಿ ಅಂಡ್ ಸುಮಾಸ್ ಡೆಪಾಸಿಟ್’ ಎಂದು ಕೊನೆಯ ಹೆಸರಿಗಷ್ಟೇ ಎಸ್ ಇದ್ದರೆ ಹಣ ಇಬ್ಬರದೂ ಸೇರಿ ಒಂದು. ಎರಡೂ ಹೆಸರಿಗೆ ಹತ್ತಿದರೆ ಬೇರೆಬೇರೆ ಡೆಪಾಸಿಟ್ ಎಂಬ ಅರ್ಥ ಬರುತ್ತದೆ. ಮೊತ್ತವನ್ನೂ ಕೊಟ್ಟವರ ಹೆಸರನ್ನೂ ಬಿಡಿಸಿ ಬರೆಸುವುದು ಕ್ಷೇಮ.

ಡೈರಿಯ ‘ಪೇರೆಂಟ್ಸ್ ಸಿಗ್ನೇಚರ್’ನಲ್ಲಿ ಮೇಲಿನ ಸಣ್ಣ ಗುರುತು ಎಸ್‌ಗೆ ಮುಂಚೆ ಬಂದರೆ ಒಬ್ಬರ ಸಹಿ, ಆಮೇಲೆ ಬಂದರೆ ಇಬ್ಬರದು. ಇದು ವ್ಯಾಕರಣದ ಮಾತು. ಅಚ್ಚು ಹಾಕುವವರು ಅದನ್ನು ಎಲ್ಲೆಂದರಲ್ಲಿ ಕೂರಿಸುತ್ತಾರೆ, ಕ್ಲಾಸ್ ಟೀಚರನ್ನು ಕೇಳಿಬಿಡಿ.

‘ಮಹಾರಾಜಾಸ್ ಕಾಲೇಜ್’ ಎಂಬ ಹೆಸರು ನೋಡಿ ಅರಮನೆಯವರ ಆಸ್ತಿ ಅಂದುಕೊಂಡವರಿದ್ದಾರೆ. ಅದು 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾನಿಲಯದ ಕಾಲೇಜು. ಎಸ್ ಬಂದಲ್ಲೆಲ್ಲ ಒಡೆತನ ಇರುವುದಿಲ್ಲ.

ವಿಳಾಸದ ‘ಸನ್ ಆಫ್’, ‘ವೈಫ್ ಆಫ್’ ಸಂಬಂಧ ಹೇಳುತ್ತವೆ. ‘ಕೇರ್ ಆಫ್’ ತಾನಾಗಿ ಸಂಬಂಧ ಹೇಳುವುದಿಲ್ಲ, ಟಪಾಲು ಯಾರ ಮೂಲಕ ಬರಬೇಕು ಅನ್ನುವುದಷ್ಟೇ. ಬಾಡಿಗೆ ಮನೆಗೆ ಓನರ್ ಹೆಸರು ಹಾಕಿದರೂ ನಡೆಯುತ್ತದೆ. ಆ ಹೆಸರನ್ನು ಮಗುವಿನ ಅರ್ಜಿಯ ತಂದೆಯ ಕಾಲಮ್ಮಿಗೆ ಮಾತ್ರ ಇಳಿಸಬೇಡಿ.